ಪದ್ಮಿನಿಯ ಹೊಗೆ ಪರೀಕ್ಷೆ

ಕಲ್ಯಾಣದಿಂದ ಶೀಳ್ ಫಾಟಾದ ಕಡೆಗೆ ಸಾಗುವ ರಸ್ತೆಯ ಬದಿಯಲ್ಲಿ, ಡೊಂಬಿವಲಿಯ ಸಮೀಪದಲ್ಲಿ, ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ವಿಶಾಲವಾದ ಕಾರ್ಖಾನೆಯೊಂದಿದ್ದು, 1990ರ ದಶಕದಲ್ಲಿ ಫ್ರಾನ್ಸಿನ ಪೂಜೋ ಸಂಸ್ಥೆಯ ಸಹಯೋಗದಿಂದ ಅಲ್ಲಿ 309 ಎಂಬ ಮಾದರಿಯ ಕಾರುಗಳು ತಯಾರಾಗುತ್ತಿದ್ದುವು. ಆ ಕಾರು ಅಲ್ಪಾಯುವಾಯಿತು. ಅದೇ ಸಂಸ್ಥೆಯು ಕುರ್ಲಾದಲ್ಲಿ ನಿರ್ಮಿಸುತ್ತಿದ್ದ, ಅದಕ್ಕಿಂತ ಹಳೆಯದೂ ಸರಳವೂ ಆದ ಪದ್ಮಿನಿಯಾದರೋ, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನವರೆಗೂ ಬಾಳಿ, ಟ್ಯಾಕ್ಸಿಗಳಿಗೆ ವಿಧಿಸಿದ ಇಪ್ಪತ್ತು ವರ್ಷಗಳ ವಯೋಮಿತಿಯಿಂದ ಅಲ್ಲಿ ನಿವೃತ್ತವಾದ ಮೇಲೆಯೂ, ತಂದೆ ಕೊಂಡ ಕಾರೆಂಬ ಮಮತೆಯಿಂದ ಅದನ್ನು ಉಳಿಸಿಕೊಂಡವರ ಮನೆಯಂಗಳದಲ್ಲಿ ಇನ್ನೂ ನಿಂತಿದೆ. ಅಂಥವರು ಆರು ತಿಂಗಳಿಗೊಮ್ಮೆ ಎದುರಿಸಬೇಕಾದ ಪಿಯುಸಿ, ಅಂದರೆ ಹೊಗೆಯ ಮಾಲಿನ್ಯ ಮಿತಿಯೊಳಗಿದೆಯೆಂದು ದೃಢಪಡಿಸುವ ಪರೀಕ್ಷೆಯನ್ನು ಕುರಿತು ಇಲ್ಲಿ ವಿವರಿಸುವುದು ನನ್ನ ಉದ್ದೇಶ. ಏಕೆಂದರೆ ಆ ಪರೀಕ್ಷೆಯು ಕೇವಲ ಒಂದು ಕಾಗದವನ್ನು ಪಡೆಯುವ ಉಪಚಾರವಲ್ಲ, ಎಂಜಿನ್ನಿನ ಒಳಗಿನ ಬೆಂಕಿಯ ಆರೋಗ್ಯವನ್ನು ಹೊರಗಿನಿಂದ ಅರಿಯುವ ಉಪಾಯವೂ ಆಗಿದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮವು ಈ ಪರೀಕ್ಷೆಗೆ ಆಧಾರ. 2004ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮಿತಿಗಳಂತೆ, ಭಾರತ್ ಸ್ಟೇಜ್ ಎರಡು ಎಂಬ ಹೊಗೆಯ ಮಾನದಂಡಕ್ಕಿಂತ ಹಿಂದಿನ ಪೆಟ್ರೋಲು ಕಾರು ನಿಂತಿದ್ದು ಎಂಜಿನ್ನು ಮಾತ್ರ ತಟಸ್ಥವಾಗಿ ಓಡುತ್ತಿರುವಾಗ ಅದರ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡು ಶೇಕಡ 3ನ್ನೂ, ದಹಿಸದೆ ಉಳಿದ ಹೈಡ್ರೋಕಾರ್ಬನ್ನುಗಳು ದಶಲಕ್ಷಕ್ಕೆ 1500 ಭಾಗಗಳನ್ನೂ ಮೀರಕೂಡದು. ಅನಂತರ ಬಂದ ಕಾರುಗಳಿಗೆ ಮಿತಿ ಬಹಳ ಬಿಗಿ. ಸ್ಟೇಜ್ ಎರಡು ಮತ್ತು ಮೂರರವುಗಳಿಗೆ ಶೇಕಡ 0.5 ಮತ್ತು 750 ಭಾಗ. ಹಳೆಯದಕ್ಕೆ ತೋರಿದ ಈ ಔದಾರ್ಯ ನ್ಯಾಯವಾದುದೇ, ಏಕೆಂದರೆ ಹೊಗೆಯನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರು ಅಂಥ ಬಹುತೇಕ ಕಾರುಗಳಲ್ಲಿಲ್ಲ. ಸಿಲಿಂಡರಿನಲ್ಲಿ ಆದ ತಪ್ಪನ್ನು ಹಿಂದಿನ ಕೊಳವೆಯಲ್ಲಿ ತಿದ್ದುವವರು ಯಾರೂ ಇಲ್ಲ.

ಒಂದು ಭಾಗ ಪೆಟ್ರೋಲು ಸಂಪೂರ್ಣವಾಗಿ ದಹಿಸಬೇಕಾದರೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಕಡಿಮೆಯಾದರೆ, ಬತ್ತಿಯನ್ನು ಅತಿಯಾಗಿ ಏರಿಸಿದ ಚಿಮಣಿ ದೀಪದಂತೆ, ಉರಿಯು ಅಪೂರ್ಣವಾಗಿ ಇಂಗಾಲವು ಅರ್ಧ ಆಮ್ಲಜನಕವನ್ನಷ್ಟೇ ಪಡೆದು ಮಾನಾಕ್ಸೈಡಾಗಿ ಹೊರಬೀಳುತ್ತದೆ. ಗಾಳಿಯ ಪ್ರಮಾಣ ಹನ್ನೆರಡು ಭಾಗಕ್ಕೆ ಇಳಿದರೆ ಹೊಗೆಯಲ್ಲಿ ಅದು ಶೇಕಡ ಐದಾರರಷ್ಟಾಗುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುವುದರಿಂದಲೇ ಕಾನೂನಿಗೆ ಅದರ ಮೇಲೆ ಅಷ್ಟು ಕಣ್ಣು. ಹೈಡ್ರೋಕಾರ್ಬನ್ನುಗಳ ಕಥೆ ಬೇರೆ: ಅವು ಬೆಂಕಿಯೇ ತಾಗದ ಪೆಟ್ರೋಲಿನ ಗುರುತು. ಪ್ಲಗ್ಗಿನ ಕಿಡಿ ಒಮ್ಮೆ ತಪ್ಪಿದರೂ ಆ ಸಿಲಿಂಡರಿನ ಇಂಧನವೆಲ್ಲ ಹಾಗೆಯೇ ಹೊರಗೆ ಹೋಗುತ್ತದೆ. ಆದುದರಿಂದ ಪರೀಕ್ಷೆಯ ಚೀಟಿಯಲ್ಲಿ ಮಾನಾಕ್ಸೈಡೊಂದೇ ಹೆಚ್ಚಿದ್ದರೆ ಕಾರ್ಬ್ಯುರೇಟರನ್ನೂ, ಮಾನಾಕ್ಸೈಡು ಕಡಿಮೆಯಿದ್ದು ಹೈಡ್ರೋಕಾರ್ಬನ್ನು ಏರಿದ್ದರೆ ಕಿಡಿಯನ್ನೋ ವಾಲ್ವುಗಳನ್ನೋ ಶಂಕಿಸತಕ್ಕದ್ದು. ಈ ಎರಡು ಅಂಕಿಗಳನ್ನು ಜೊತೆಯಾಗಿ ಓದಲು ಬಲ್ಲವನಿಗೆ ಅರ್ಧ ಕೆಲಸ ಮುಗಿದಂತೆಯೇ.

ಪರೀಕ್ಷೆಯ ಯಂತ್ರವು ಅಂಕಿಗಳನ್ನು ಕಾಣುವ ಬಗೆಯೂ ಮನೋಹರವಾದುದು. ಸೈಲೆನ್ಸರಿನೊಳಗೆ ಇಳಿಸಿದ ನಳಿಕೆಯಿಂದ ಹೀರಿದ ಹೊಗೆಯು, ತೇವವನ್ನು ಕಳೆದುಕೊಂಡು, ಅವಕೆಂಪು ಕಿರಣಗಳು ಹಾಯುವ ಕೋಶವೊಂದನ್ನು ಸೇರುತ್ತದೆ. ಮಾನಾಕ್ಸೈಡಿನ ಅಣುಗಳು ಸುಮಾರು 4.6 ಮೈಕ್ರೋಮೀಟರಿನ ತರಂಗವನ್ನೂ, ಹೈಡ್ರೋಕಾರ್ಬನ್ನಿನ ಅಣುಗಳು ಸುಮಾರು 3.4ರದನ್ನೂ ನುಂಗುವುದರಿಂದ, ಆಚೆಯ ಕಡೆಗೆ ತಲುಪಿದ ಕಿರಣ ಎಷ್ಟು ಕ್ಷೀಣಿಸಿತೆಂಬುದನ್ನು ಅಳೆದರೆ ಯಾವ ಅನಿಲ ಎಷ್ಟಿತ್ತೆಂಬುದು ತಿಳಿಯುತ್ತದೆ. ಸೈಲೆನ್ಸರು ತುಕ್ಕು ಹಿಡಿದು ತೂತಾಗಿದ್ದರೆ ಹೊರಗಿನ ಗಾಳಿ ಸೇರಿ ಅಂಕಿ ಸುಳ್ಳಾಗಿ ಇಳಿಯುವುದರಿಂದ, ಅದನ್ನು ಮೊದಲೇ ಬೆಸೆದುಕೊಳ್ಳಬೇಕು.

ಇನ್ನು ಟ್ಯೂನಿಂಗಿನ ವಿಷಯ. ಪದ್ಮಿನಿಯದು 1089 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್ನು; ಅದರಲ್ಲಿ ಕಂಪ್ಯೂಟರಿಲ್ಲ, ಆದುದರಿಂದ ಪ್ರತಿಯೊಂದು ನಿರ್ಣಯವನ್ನೂ ಮನುಷ್ಯನ ಕೈಯೇ ಮಾಡಬೇಕು. ಅವಸರದವರು ನೇರವಾಗಿ ಕಾರ್ಬ್ಯುರೇಟರಿನ ಸ್ಕ್ರೂಗೆ ಕೈ ಹಚ್ಚುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕಟ್ಟಕಡೆಯ ಕೆಲಸ. ಮೊದಲು ಏರ್ ಫಿಲ್ಟರು: ಧೂಳಿನಿಂದ ಕಟ್ಟಿಕೊಂಡ ಫಿಲ್ಟರು ಗಾಳಿಯನ್ನು ತಡೆದು ಮಿಶ್ರಣವನ್ನು ದಪ್ಪವಾಗಿಸುತ್ತದೆ. ಅನಂತರ ವಾಲ್ವುಗಳ ಸಂದು: ಅದು ಬಿಗಿಯಾಗಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಬಳಿಕ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು: ಅದರ ಹಿಮ್ಮಡಿ ಸವೆದಂತೆಲ್ಲ ಸಂದು ಕಿರಿದಾಗಿ, ಕಿಡಿ ಹಾರುವ ಕಾಲ ತಾನಾಗಿಯೇ ಹಿಂದೆ ಬೀಳುತ್ತದೆ, ಆದುದರಿಂದ ಪಾಯಿಂಟನ್ನು ಸರಿಪಡಿಸದೆ ಟೈಮಿಂಗನ್ನು ಹೊಂದಿಸುವುದು ವ್ಯರ್ಥಶ್ರಮ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಅವೇ ಸಾಕ್ಷಿ ನುಡಿಯುತ್ತವೆ: ಒಣ ಕರಿ ಮಸಿ ದಪ್ಪ ಮಿಶ್ರಣದ್ದು, ಎಣ್ಣೆಯ ಜಿಡ್ಡು ಸವೆದ ರಿಂಗುಗಳದ್ದು, ತೆಳುವಾದ ಕಂದು ಬಣ್ಣ ಆರೋಗ್ಯದ್ದು. ಚೋಕು ಪೂರ್ಣವಾಗಿ ತೆರೆಯುತ್ತಿದೆಯೇ, ಫ್ಲೋಟಿನ ಮಟ್ಟ ಏರಿ ಪೆಟ್ರೋಲು ತುಳುಕುತ್ತಿದೆಯೇ ಎಂಬುದನ್ನೂ ನೋಡಿದ ಮೇಲೆ, ಎಂಜಿನ್ನು ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಆಗ ಮಾತ್ರ ಮಿಶ್ರಣದ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ, ಓಟವು ಅತ್ಯಂತ ಸಮವಾಗಿ ಕೇಳಿಸುವ ಸ್ಥಾನವನ್ನು ಹಿಡಿದು, ಅಲ್ಲಿಂದ ಒಂದು ಕೂದಲೆಳೆಯಷ್ಟು ತೆಳುವಿನ ಕಡೆಗೆ ಸರಿಸಿ ನಿಲ್ಲಿಸಬೇಕು. ಅತಿ ತೆಳುವಾದರೆ ಉರಿ ಮಧ್ಯದಲ್ಲಿಯೇ ಆರಿ, ಮಾನಾಕ್ಸೈಡು ಇಳಿದರೂ ಹೈಡ್ರೋಕಾರ್ಬನ್ನು ಏರುತ್ತದೆ.

ಪರೀಕ್ಷೆಯ ದಿನ ಸ್ಕ್ರೂವನ್ನು ಬಿಗಿದು, ಚೀಟಿ ಕೈಗೆ ಬಂದೊಡನೆ ಪಿಕಪ್ಪಿಗಾಗಿ ಮತ್ತೆ ಸಡಿಲಿಸುವ ರೂಢಿಯನ್ನು ನಾನು ಒಪ್ಪಲಾರೆ. ಸರಿಯಾಗಿ ಹೊಂದಿಸಿದ ಎಂಜಿನ್ನಿಗೆ ಅದರ ಅಗತ್ಯವೇ ಇಲ್ಲ. ಸಡಿಲಿಸಬೇಕೆನಿಸಿದರೆ ದೋಷ ಬೇರೆಲ್ಲೋ ಉಳಿದಿದೆಯೆಂದೇ ಅರ್ಥ. ಈಗ ಪೆಟ್ರೋಲಿನಲ್ಲಿ ಶೇಕಡ ಇಪ್ಪತ್ತರವರೆಗೆ ಎಥನಾಲು ಬೆರೆಯುತ್ತಿರುವುದರಿಂದ ಇನ್ನೊಂದು ಎಚ್ಚರವೂ ಬೇಕಾಗಿದೆ. ಎಥನಾಲು ತನ್ನೊಡನೆ ಆಮ್ಲಜನಕವನ್ನು ತರುವುದರಿಂದ ಅಂಥ ಇಂಧನಕ್ಕೆ ಸುಮಾರು 13.5 ಭಾಗ ಗಾಳಿಯೇ ಸಾಕು. ಕಾರ್ಬ್ಯುರೇಟರಿಗೆ ಇದು ತಿಳಿಯದೆ ಹಳೆಯ ಅಳತೆಯಲ್ಲಿಯೇ ಗಾಳಿಯನ್ನು ಬಿಡುವುದರಿಂದ ಮಿಶ್ರಣ ತೆಳುವಾಗುತ್ತದೆ. ಹಿಂದೆ ಹೊಂದಿಸಿದ ಕಾರನ್ನು ಇಂದು ಮತ್ತೆ ನೋಡಲೇಬೇಕು, ಹಳೆಯ ರಬ್ಬರು ಕೊಳವೆಗಳನ್ನೂ ಬದಲಾಯಿಸಿಕೊಳ್ಳಬೇಕು.

ಕಲ್ಯಾಣದ ಪತ್ರಿಪುಲವೆಂಬ ಸೇತುವೆಯ ಆಚೀಚೆ ವಾಹನಗಳು ಸಾಲುಗಟ್ಟಿ ನಿಂತಾಗ ಪ್ರತಿಯೊಂದು ಎಂಜಿನ್ನೂ ಪರೀಕ್ಷೆಯಲ್ಲಿ ಅಳೆಯುವ ಆ ತಟಸ್ಥ ಓಟದಲ್ಲಿಯೇ ಇರುತ್ತದೆ, ಮತ್ತು ಆ ಹೊಗೆಯನ್ನು ಉಸಿರಾಡುವವರು ಸಂಚಾರಿ ಪೊಲೀಸರೂ ರಿಕ್ಷಾ ಚಾಲಕರೂ ಶಾಲೆಯ ಮಕ್ಕಳೂ ಆಗಿರುತ್ತಾರೆ. ಹಳೆಯ ಕಾರನ್ನು ಪ್ರೀತಿಸುವ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ: ಎಂಜಿನ್ನು ಬಿಸಿಯಾಗಿರುವಾಗಲೇ ಪರೀಕ್ಷಾ ಕೇಂದ್ರಕ್ಕೆ ಹೋಗಿರಿ, ನಳಿಕೆಯನ್ನು ಸೈಲೆನ್ಸರಿನೊಳಗೆ ನಿಜವಾಗಿ ಇಳಿಸಿದರೇ ಎಂದು ನಿಂತು ನೋಡಿರಿ, ಮತ್ತು ಚೀಟಿಯ ಎರಡೂ ಅಂಕಿಗಳನ್ನು ಪುಸ್ತಕವೊಂದರಲ್ಲಿ ಬರೆದಿಟ್ಟು ಮುಂದಿನ ಸಲ ಅದನ್ನು ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿರಿ.