ಮನೆಯ ಮಾರ್ದನಿಗೆ ಚಾವಣಿಯಲ್ಲಿ ಮದ್ದು

ಹೊಸ ಮನೆಯ ಗೃಹಪ್ರವೇಶಕ್ಕೆ ಹೋದವರು ಇದನ್ನು ಅನುಭವಿಸಿಯೇ ಇರುವರು. ನುಣುಪಾದ ಕಲ್ಲಿನ ನೆಲ, ಗಾರೆಯ ಗೋಡೆ, ಕಾಂಕ್ರೀಟಿನ ಚಾವಣಿ; ನೋಟಕ್ಕೆ ಬಲು ಸೊಗಸು. ಆದರೆ ನಾಲ್ವರು ಕೂಡಿ ಮಾತನಾಡತೊಡಗಿದರೆ ನಡುಮನೆಯೇ ಸಂತೆಯಾಗುತ್ತದೆ. ಕಿವಿ ಮಂದವಾದ ಹಿರಿಯರು ‘ಏನೆಂದೆ?’ ಎಂದು ಎರಡು ಬಾರಿ ಕೇಳಿ, ಮೂರನೆಯ ಬಾರಿ ಕೇಳಲು ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಇದು ಅವರ ಕಿವಿಯ ದೋಷವೊಂದೇ ಅಲ್ಲ; ಮನೆಯ ದೋಷವೂ ಹೌದು.

ಕಾಂಕ್ರೀಟು ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ನುಂಗಿ, ಮಿಕ್ಕುದನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ಆದುದರಿಂದ ಆಡಿದ ಅಕ್ಷರದ ಅನುರಣನ ಅಡಗುವ ಮುನ್ನವೇ ಮುಂದಿನ ಅಕ್ಷರವು ಹೊರಟು, ಒಂದರಲ್ಲೊಂದು ಕಲಸಿಹೋಗುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಸೋಜಿಗವೆನಿಸುವ ಗುಣವೇ ಮನೆಯಲ್ಲಿ ಪೀಡೆಯಾಗುವುದು.

ಇದರ ಮರ್ಮವನ್ನು ಅಳೆದು ತೋರಿಸಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸಬೈನ್. ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಮಾತೇ ತಿಳಿಯದಂತಾಗಲು, 1895ರಲ್ಲಿ ಅದರ ಪರಿಹಾರವನ್ನು ಆತನಿಗೆ ಒಪ್ಪಿಸಿದರು. ಊರು ಮಲಗಿದ ಮೇಲೆ ಆತನು ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ, ಸದ್ದು ಅಡಗುವ ಕಾಲವನ್ನು ಅಳೆದನು. ಬರಿಯ ಮಂದಿರದಲ್ಲಿ ಅದು ಸುಮಾರು 5.5 ಸೆಕೆಂಡು. ನೆರೆಯ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು ಹರಡಿದಂತೆಲ್ಲ ಅದು ಇಳಿದು, ಕಡೆಗೆ 1 ಸೆಕೆಂಡಿನ ಹತ್ತಿರಕ್ಕೆ ಬಂದಿತು. ಮೃದುವಾದ, ರಂಧ್ರಮಯವಾದ ವಸ್ತುವು ಶಬ್ದವನ್ನು ಹೀರುವುದೆಂಬುದಕ್ಕೆ ಲೆಕ್ಕವೇ ದೊರೆಯಿತು.

ಮನೆಯಲ್ಲಿ ನೆಲ ನಡೆದಾಡಲು ಬೇಕು. ಗೋಡೆಗೆ ಕಪಾಟು, ಕಿಟಕಿಗಳು. ಬರಿದಾಗಿ ಉಳಿಯುವುದು ಚಾವಣಿಯೊಂದೇ. ಅದರ ಕೆಳಗೆ, ಸಿಮೆಂಟಿನಿಂದ ಬಂಧಿಸಿದ ಮರದ ನಾರಿನ ಹಲಗೆಗಳನ್ನಾಗಲಿ, ಬೆನ್ನಿಗೆ ರಾಕ್‌ವುಲ್ ಹಾಸಿದ ತೂತುಗಳುಳ್ಳ ಜಿಪ್ಸಂ ಹಲಗೆಗಳನ್ನಾಗಲಿ ಕೂಡಿಸಬಹುದು. ಹಲಗೆಗೂ ಚಾವಣಿಗೂ ನಡುವೆ ಒಂದು ಗೇಣು ತೆರಪು ಬಿಟ್ಟರೆ ತಗ್ಗಿದ ದನಿಗಳನ್ನೂ ಹೀರುವುದು.

ಕೆಲವು ಎಚ್ಚರಿಕೆಗಳುಂಟು. ಹಲಗೆಗೆ ದಪ್ಪನಾಗಿ ಬಣ್ಣ ಬಳಿದರೆ ರಂಧ್ರಗಳು ಮುಚ್ಚಿ ಗುಣವೇ ಕೆಡುವುದು. ಥರ್ಮೋಕೋಲು ಹಗುರವೆಂದು ಮರುಳಾಗಬಾರದು; ಅದು ಹೀರುವ ಶಬ್ದ ಅತ್ಯಲ್ಪ, ಬೆಂಕಿಯ ಭಯವೋ ಅಧಿಕ. ಬೀದಿಯ ಗದ್ದಲವನ್ನು ಇವಾವುವೂ ತಡೆಯಲಾರವು. ಅದಕ್ಕೆ ಬಾಗಿಲು ಕಿಟಕಿಗಳ ಸಂದುಗಳನ್ನು ಮುಚ್ಚಬೇಕು.

ವೆಚ್ಚಕ್ಕೆ ಕೈಹಾಕುವ ಮುನ್ನ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿರಿ. ಸದ್ದು ಗುಂಯ್ಗುಟ್ಟುತ್ತ ನಿಂತರೆ ಮೊದಲು ಜಮಖಾನ, ದಪ್ಪ ಪರದೆಗಳನ್ನು ಹಾಕಿ ಪರೀಕ್ಷಿಸಿರಿ. ಸಾಲದಿದ್ದರೆ ಚಾವಣಿಯನ್ನು ನೋಡಿರಿ. ಊಟದ ಹೊತ್ತಿನಲ್ಲಿ ಅಜ್ಜಿಯೂ ಮಾತಿಗೆ ಮಾತು ಸೇರಿಸಿ ನಗುವಂತಾದರೆ, ಆ ಹಣವು ವ್ಯರ್ಥವಾಯಿತೆಂದು ಯಾವ ಗೃಹಸ್ಥನೂ ಹೇಳಲಾರನು.