ಗಂಡೇ ಇಲ್ಲದ ಕ್ರೇಫಿಶ್ ಭತ್ತದ ಗದ್ದೆಗೆ ಇಳಿದಾಗ

ಎರಡು ವರ್ಷದ ಹಿಂದೆ ಏಲಕ್ಕಿ ಬಾಳೆ ಅಂತ ನಂಬಿ ಕಂದು ತಂದು ನೆಟ್ಟಿದ್ದೆ. ಗೊನೆ ಬಿಟ್ಟಾಗ ಗೊತ್ತಾಯ್ತು, ಅರ್ಧಕ್ಕರ್ಧ ಬೇರೆ ತಳಿ! ತೋಟಗಾರಿಕೆ ಪದವಿ ಓದಿದವನ ಕಣ್ಣೇ ಹೀಗೆ ಮೋಸಹೋಯ್ತು. ಆವತ್ತಿಂದ ಮಡಗಾಸ್ಕರ್ ದ್ವೀಪದ ಈ ಕಥೆ ನನಗೆ ಪದೇ ಪದೇ ನೆನಪಾಗುತ್ತೆ.

ಕ್ರೇಫಿಶ್ ಅಂದರೆ ಸಿಹಿನೀರಿನ ಪುಟ್ಟ ಲಾಬ್‌ಸ್ಟರ್. ಮೈ ಸೀಗಡಿಯಂತೆ, ಮುಂಗಾಲು ಏಡಿಯ ಇಕ್ಕಳದಂತೆ. ನಮ್ಮ ದೇಶದಲ್ಲಿ ಇದು ಸಹಜವಾಗಿ ಇಲ್ಲ. ಮಡಗಾಸ್ಕರ್‌ನ ಎತ್ತರದ ತೊರೆಗಳಲ್ಲಿ ಮಾತ್ರ ಬೇರೆಲ್ಲೂ ಸಿಗದ 7 ಪ್ರಭೇದಗಳಿವೆ. ನಿಧಾನ ಬೆಳೆಯುವ ಜೀವಿಗಳು. ಕಾಡಂಚಿನ ಎಷ್ಟೋ ಮನೆಗಳಿಗೆ ಇವನ್ನು ಹಿಡಿದು ಮಾರೋದೇ ಆದಾಯ.

2000ದ ದಶಕದಲ್ಲಿ ರಾಜಧಾನಿ ಅಂಟನಾನರಿವೊ ಸುತ್ತಲಿನ ಸಂತೆ, ಗದ್ದೆಗಳಲ್ಲಿ ಹೊಸದೊಂದು ಕ್ರೇಫಿಶ್ ಕಾಣಿಸಿಕೊಂಡಿತು. ನೋಡೋಕೆ ಅಮೆರಿಕದ ಫ್ಲೋರಿಡಾದ ಒಂದು ಜಾತಿಯ ಹಾಗೇ ಇತ್ತು. ಡಿಎನ್‌ಎ ಪರೀಕ್ಷೆ ಮಾಡಿದಾಗ ನಿಜ ಹೊರಬಿತ್ತು: ಇದು 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಮೊದಲು ಗಮನಕ್ಕೆ ಬಂದ ಮಾರ್ಬಲ್ಡ್ ಕ್ರೇಫಿಶ್.

ಇದರಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು, ಕೂಡದೆಯೇ ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತೆ. ನಮ್ಮ ಹೆಚ್ಚಿನ ಬಾಳೆ ತಳಿಗಳಂತೆ ಇದಕ್ಕೂ ವರ್ಣತಂತುಗಳ ಮೂರು ಸೆಟ್, ಮರಿಗಳೆಲ್ಲ ತಾಯಿಯ ತದ್ರೂಪು. ಅಂದರೆ ಒಂದೇ ಒಂದು ಗದ್ದೆಗೆ ಬಿದ್ದರೂ ಸಾಕು. 2018ರಲ್ಲಿ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳ ತಂಡ ಇದರ ಪೂರ್ತಿ ಜೀನೋಮ್ ಪ್ರಕಟಿಸಿತು. ಜರ್ಮನಿಯದಕ್ಕೂ ಮಡಗಾಸ್ಕರ್‌ನದಕ್ಕೂ ವ್ಯತ್ಯಾಸವೇ ಇಲ್ಲ ಅನ್ನುವಷ್ಟು ಕಡಿಮೆ. 2007ರಿಂದ ಸುಮಾರು ಹತ್ತು ವರ್ಷದಲ್ಲಿ ಅದು ಹರಡಿದ ಪ್ರದೇಶ ನೂರು ಪಟ್ಟಾಗಿತ್ತು. ಹರಡಿದ್ದು ಜನರೇ. ಅಗ್ಗದ ಆಹಾರ ಅಂತ ಜೀವಂತ ಸಾಗಿಸಿದರು. ಬಡವರ ತಟ್ಟೆಗೆ ಬಂದ ಪ್ರೋಟೀನ್, ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ.

ತದ್ರೂಪು ಬೆಳೆಗೆ ರೋಗ ಬಂದರೆ ಏನಾಗುತ್ತೆ ಅಂತ ನಂಜನಗೂಡು ರಸಬಾಳೆಗೆ ಪನಾಮ ಸೊರಗು ರೋಗ ಬಂದಾಗ ನೋಡಿದ್ದೇವೆ. ಇದಕ್ಕೂ ಹಾಗೇ ಆಗಲಿ ಅಂತ ಕಾಯೋಕಾಗಲ್ಲ. ಅಮೆರಿಕ ಮೂಲದ ಕ್ರೇಫಿಶ್‌ಗಳು ಕ್ರೇಫಿಶ್ ಪ್ಲೇಗ್ ಅನ್ನೋ ರೋಗ ಹೊತ್ತು ತಿರುಗಿದರೂ ಸಾಮಾನ್ಯವಾಗಿ ಸಾಯಲ್ಲ, ಬೇರೆ ಖಂಡದವು ಸಾಯುತ್ತವೆ. 1859ರ ಹೊತ್ತಿಗೆ ಇಟಲಿಯಲ್ಲಿ ಶುರುವಾದ ಈ ರೋಗ ಯುರೋಪಿನ ನದಿಗಳನ್ನೇ ಖಾಲಿ ಮಾಡಿತು.

ಈಗ ಹೊಳೆಯ ನೀರನ್ನಷ್ಟೇ ಸೋಸಿ ಪತ್ತೆ ಮಾಡ್ತಾರೆ. ಪ್ರಾಣಿ ಪೊರೆ ಕಳಚಿದಾಗ, ಹಿಕ್ಕೆ ಹಾಕಿದಾಗ ಡಿಎನ್‌ಎ ನೀರಿಗೆ ಸೇರುತ್ತೆ. ಕೊರೊನಾ ಪರೀಕ್ಷೆಯಲ್ಲಿ ಬಳಸಿದ ಪಿಸಿಆರ್ ವಿಧಾನದಲ್ಲೇ ಅದನ್ನು ಹುಡುಕೋದು. ಸ್ಥಳೀಯ ಜಾತಿ ಇದೆಯಾ, ಹೊರಗಿನದು ನುಗ್ಗಿದೆಯಾ, ಪ್ಲೇಗ್ ಇದೆಯಾ, ಮೂರನ್ನೂ ನೋಡಬಹುದು. ಆದರೆ ಎಷ್ಟಿವೆ ಅಂತ ಸರಿಯಾಗಿ ಹೇಳೋದು ಕಷ್ಟ. ಫಲಿತಾಂಶ 'ಇಲ್ಲ' ಅಂತ ಬಂದರೂ ಪೂರ್ತಿ ನಂಬೋ ಹಾಗಿಲ್ಲ.

ಯುರೋಪಿನಲ್ಲಿ ಖಾಲಿಯಾದ ಹೊಳೆಗಳಿಗೆ ಮರಿ ಬಿಡುವ ಮುಂಚೆ ವಂಶ ನೋಡಬೇಕು ಅಂತ ತಜ್ಞರು ಹೇಳೋದೂ ಇದಕ್ಕೇ. ಹಿಂದೆ ಎಲ್ಲಿಂದಲೋ ತಂದು ಬಿಟ್ಟು ಸ್ಥಳೀಯ ವಂಶಗಳು ಬೆರೆತುಹೋಗಿವೆ.

ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧವಾದರೂ ಕೆರೆಗಳಲ್ಲಿ ಉಳಿದಿದೆಯಲ್ಲ, ಆದ್ದರಿಂದ ಅಕ್ವೇರಿಯಂನ ಕ್ರೇಫಿಶ್ ಸಾಕಾಯ್ತು ಅಂತ ಕೆರೆಗೋ ಕೃಷಿಹೊಂಡಕ್ಕೋ ಬಿಡಬೇಡಿ. ಗದ್ದೆಯಲ್ಲಿ ಗುರುತು ಸಿಗದ ಇಕ್ಕಳದ ಪ್ರಾಣಿ ಕಂಡರೆ ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ಮೇಲಿಂದ, ಕೆಳಗಿಂದ ಫೋಟೊ ತೆಗೆದು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ತೋರಿಸಿ. ಸತ್ತಿದ್ದರೆ ಒಂದು ಕಾಲನ್ನು ಗಟ್ಟಿ ಆಲ್ಕೋಹಾಲ್‌ನಲ್ಲಿ ಮುಳುಗಿಸಿಡಿ. ಫಾರ್ಮಲಿನ್ ಮಾತ್ರ ಬೇಡ, ಅದು ಡಿಎನ್‌ಎಯನ್ನು ಹಾಳು ಮಾಡುತ್ತೆ.