ಆಸ್ಪತ್ರೆವಾಸದಲ್ಲಿ ಮಧುಮೇಹ

'ಮಧುಮೇಹ' ಎಂಬ ಮಾತು ಬಹಳ ಹಳೆಯದು. ಚರಕರು ಪ್ರಮೇಹದ ಇಪ್ಪತ್ತು ಬಗೆಗಳನ್ನು ಎಣಿಸುವಾಗ ಜೇನಿನಂತೆ ಸಿಹಿಯಾದ ಮೂತ್ರದ ಬಗೆಗೆ ಆ ಹೆಸರಿಟ್ಟರು. ಅದರ ಮದ್ದಾದ 'ಇನ್ಸುಲಿನ್' ಎಂಬ ಹೆಸರು ಮಾತ್ರ ಹೊಸದು. ದ್ವೀಪವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. 1869ರಲ್ಲಿ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯಲ್ಲಿ ಕಂಡ ಜೀವಕೋಶಗಳ ನಡುಗಡ್ಡೆಗಳೇ ಆ ದ್ವೀಪಗಳು. 1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ನಿನ ಮೊದಲ ಚುಚ್ಚುಮದ್ದು ದೊರೆಯಿತು.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಈ ಕಾಯಿಲೆಯೊಡನೆ ಬಹುಕಾಲದಿಂದ ಸಂಸಾರ ನಡೆಸುತ್ತಿರುವವನು. ರೋಗಿಯಾಗಿಯೂ ರೋಗಿಯ ಜತೆಗಾರನಾಗಿಯೂ ವಾರ್ಡುಗಳಲ್ಲಿ ರಾತ್ರಿ ಕಳೆದವನು. ಪುತ್ತೂರಿನಲ್ಲಿ ತಾಲೂಕು ಆಸ್ಪತ್ರೆಯಿದೆ, ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವೈದ್ಯಕೀಯ ಕಾಲೇಜಿದೆ. ಕಡಬದವರು ಈ ಎರಡಕ್ಕೋ ಮಂಗಳೂರಿಗೋ ಹೊರಡುತ್ತಾರೆ. ಹೋಗುವುದು ಹರ್ನಿಯಾಕ್ಕೆ, ಮುರಿದ ತೊಡೆಯೆಲುಬಿಗೆ, ಮಳೆಗಾಲದ ಜ್ವರಕ್ಕೆ. ಮಧುಮೇಹ ಮಾತ್ರ ಕರೆಯದೆಯೇ ಜೊತೆಗೆ ಹೊರಡುತ್ತದೆ.

ಮನೆಯಲ್ಲಿ ಹದಕ್ಕೆ ಬಂದಿದ್ದ ಸಕ್ಕರೆ ಆಸ್ಪತ್ರೆಯಲ್ಲಿ ಏಕೆ ಕೆಡುತ್ತದೆ? ನೋವು, ಸೋಂಕು, ಶಸ್ತ್ರಚಿಕಿತ್ಸೆಗಳು ದೇಹಕ್ಕೆ ಸಂಕಟಕಾಲ. ಆಗ ಸ್ರವಿಸುವ ಅಡ್ರಿನಾಲಿನ್, ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಸುರಿಸುತ್ತವೆ, ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡಬರುತ್ತವೆ. ಉಬ್ಬಸಕ್ಕೆಂದು ಸ್ಟಿರಾಯ್ಡ್ ಕೊಟ್ಟರಂತೂ ಮಧ್ಯಾಹ್ನದ ಮೇಲೆ ಅಂಕಿ ಏರುವುದು ಸಾಮಾನ್ಯ. ಆದುದರಿಂದ ಮಾತ್ರೆ ಸಾಕಾಗಿದ್ದವರಿಗೂ ವೈದ್ಯರು ಕೆಲವು ದಿನ ಇನ್ಸುಲಿನ್ ಹಿಡಿಸಬಹುದು. 'ಇನ್ನು ಜೀವಮಾನವಿಡೀ ಸೂಜಿಯೇ' ಎಂದು ಮನೆಮಂದಿ ಕಣ್ಣೀರಿಡುವ ಕಾರಣವಿಲ್ಲ. ಹೆಚ್ಚಿನ ರೋಗಿಗಳಲ್ಲಿ ವೈದ್ಯರು ಬಯಸುವುದು 140ರಿಂದ 180ರ ನಡುವಣ ಅಂಕಿಯನ್ನು. ಅದಕ್ಕಿಂತ ಬಿಗಿಹಿಡಿಯಲು ಹೋದರೆ ಸಕ್ಕರೆ ಕುಸಿಯುವ ಅಪಾಯ ಹೆಚ್ಚುತ್ತದೆ.

ಈ ಕುಸಿತದ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಾಗಿದೆ. ನಮ್ಮ ಕಡೆ ರೋಗಿಯ ಊಟ ಎಷ್ಟೋ ಸಲ ಮನೆಯಿಂದಲೇ ಬರುತ್ತದೆ. ಹಳ್ಳಿಯ ಮೊದಲ ಬಸ್ಸಿನಲ್ಲಿ ಮಗನೋ ಸೊಸೆಯೋ ಗಂಜಿಯ ತೂಕುಪಾತ್ರೆ ಹಿಡಿದು ಬರಬೇಕು. ದಾದಿಯರಿಗೆ ತಮ್ಮ ಗಳಿಗೆಯುಂಟು. ಎಂಟಕ್ಕೆ ಇನ್ಸುಲಿನ್ ಚುಚ್ಚಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆಷಾಢದ ಮಳೆಯಲ್ಲಿ ಬಸ್ಸು ಒಂಬತ್ತೂವರೆಗೆ ಬಂದರೆ, ಊಟದ ಸಕ್ಕರೆಯನ್ನು ಕರಗಿಸಬೇಕಾದ ಮದ್ದು ಬರಿಹೊಟ್ಟೆಯಲ್ಲಿ ಕೆಲಸ ಮಾಡಿಬಿಟ್ಟಿರುತ್ತದೆ. ಬೆವರು, ನಡುಕ, ಎದೆಬಡಿತ, ತೊದಲು, ಮಂಕು. ಮುದುಕರಲ್ಲಿ ಇದು ಬರಿಯ ನಿದ್ದೆಯಂತೆ ಕಾಣಿಸಬಹುದು. ಹೃದಯದ ಕೆಲವು ಮಾತ್ರೆಗಳು ನಡುಕವನ್ನು ಮುಚ್ಚಿಡುತ್ತವೆ. ನಾನು ಕಂಡ ಒಂದು ವಾರ್ಡಿನಲ್ಲಿ 'ಅಜ್ಜ ಮಲಗಲಿ, ಎಬ್ಬಿಸಬೇಡಿ' ಎಂದು ಪ್ರೀತಿಯಿಂದ ಹೊದಿಕೆ ಎಳೆದವರಿದ್ದರು. ಅಜ್ಜನಿಗೆ ಬೇಕಾಗಿದ್ದುದು ಸಕ್ಕರೆ.

ಅಂಕಿ 70ಕ್ಕಿಂತ ಇಳಿದರೆ, ರೋಗಿಗೆ ಎಚ್ಚರವಿದ್ದು ನುಂಗಲು ಬರುವುದಾದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸುವುದು ರೂಢಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಕೂಗಿ ಕರೆಯಿರಿ, ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಶಸ್ತ್ರಚಿಕಿತ್ಸೆಗಾಗಿ ಉಪವಾಸವಿದ್ದರೂ ದಾದಿಗೆ ಕೂಡಲೇ ತಿಳಿಸಬೇಕು. ಊಟ ಎದುರಿಗೆ ಬಂದಿದೆಯೇ ಎಂದು ಕೇಳಿ ಚುಚ್ಚುವ ದಾದಿಯನ್ನು ನಾನು ಕೈಮುಗಿದು ನೆನೆಯುತ್ತೇನೆ. ಅವರು ಕೇಳದಿದ್ದರೆ ನೀವೇ ಹೇಳಿ: 'ಸಿಸ್ಟರ್, ಗಂಜಿ ಇನ್ನೂ ಬಂದಿಲ್ಲ.'

ಗಂಜಿಯ ಮಾತು ಬಂತು. ಕುಚ್ಚಲಕ್ಕಿ ಗಂಜಿ ಹಗುರವೆಂದು ಬಟ್ಟಲ ಮೇಲೆ ಬಟ್ಟಲು ಉಣಿಸುವವರುಂಟು. ಹೊಟ್ಟೆಗೆ ಹಗುರವಿರಬಹುದು, ಆದರೆ ಅನ್ನ ಅನ್ನವೇ. ನೋಡಬಂದವರು ತರುವ ಬೊಂಡವನ್ನೂ ವೈದ್ಯರನ್ನು ಕೇಳದೆ ಕೊಡಬಾರದು: ಅದರಲ್ಲಿ ಸಕ್ಕರೆಯಿದೆ, ಮೂತ್ರಪಿಂಡ ಸೋತವರಿಗೆ ತೊಡಕಾಗುವ ಪೊಟ್ಯಾಸಿಯಂ ಕೂಡ ಇದೆ.

ದಾಖಲಾಗುವಾಗ ಮಾತ್ರೆಗಳ ಪಟ್ಟಿ ಕೊಟ್ಟರೆ ಸಾಲದು, ಮಾತ್ರೆಗಳನ್ನೇ ಚೀಲದಲ್ಲಿ ಒಯ್ಯುವುದು ಮೇಲು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯವನ್ನು ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ. ಇಲ್ಲವಾದರೆ ಸಕ್ಕರೆ ಹೆಚ್ಚೇನೂ ಏರದಿದ್ದರೂ ರಕ್ತ ಆಮ್ಲವಾಗುವ ಕೀಟೋ ಅಸಿಡೋಸಿಸ್ ಬರಬಹುದು. ಇದಕ್ಕೆ ವಿರುದ್ಧವಾಗಿ, ಬಾಲ್ಯದಿಂದ ಇನ್ಸುಲಿನ್ನನ್ನೇ ನಂಬಿರುವ ಒಂದನೆಯ ಬಗೆಯ ಮಧುಮೇಹಿಗೆ ಉಪವಾಸದ ದಿನವೂ ದೀರ್ಘಕಾಲದ ಇನ್ಸುಲಿನ್ ಪೂರ್ತಿ ತಪ್ಪಕೂಡದು. 'ಊಟವಿಲ್ಲ, ಮದ್ದೂ ಬೇಡ' ಎಂಬ ತರ್ಕ ಅಲ್ಲಿ ಪ್ರಾಣಾಂತಿಕ.

ಇನ್ನೊಂದು ಸಣ್ಣ ಮಾತಿದೆ, ಅಪಾಯ ಸಣ್ಣದಲ್ಲ. ನಮ್ಮ ದೇಶದ ಇನ್ಸುಲಿನ್ ಶೀಶೆಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕೊಳವೆಯಲ್ಲಿ 100. ಕೆಂಪು ಮುಚ್ಚಳದ ಸಿರಿಂಜು ನಲವತ್ತರದ್ದು, ಕಿತ್ತಳೆ ಬಣ್ಣದ್ದು ನೂರರದ್ದು. ಪೆನ್ನಿನ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಹತ್ತು ಯೂನಿಟ್ ಎಂದುಕೊಂಡದ್ದು ಇಪ್ಪತ್ತೈದಾಗುತ್ತದೆ.

ಬಿಡುಗಡೆಯ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಎಲ್ಲವೂ ಮರೆಯುತ್ತದೆ. ಆಸ್ಪತ್ರೆಯ ಇನ್ಸುಲಿನ್ ಮುಂದುವರಿಯಬೇಕೇ, ಹಳೆಯ ಮಾತ್ರೆಗಳಲ್ಲಿ ಯಾವುವು ಮತ್ತೆ, ಯಾವ ದಿನದಿಂದ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ಚುಚ್ಚುವವರು ಯಾರೋ ಅವರು ಅಂದು ದಾದಿಯ ಎದುರಿಗೇ ಒಮ್ಮೆ ಚುಚ್ಚಿ ತೋರಿಸಲಿ.